ಬೀದರ್‌ನಲ್ಲಿ ಪ್ರವಾಸೋದ್ಯಮದ ಇಂಗ್ಲಿಷ್: ಕಲಿಕೆಯನ್ನು ಕೋಟೆಯಿಂದ ಶುರು ಮಾಡಿ

ಪಿಯುಸಿ ಅಥವಾ ಪದವಿ ಮುಗಿಸಿ ಹೋಟೆಲ್, ಟ್ರಾವೆಲ್ಸ್ ಇಲ್ಲವೇ ಗೈಡ್ ಕೆಲಸಕ್ಕೆ ಹೋಗಬೇಕೆಂದಿರುವ ಕನ್ನಡ ಮಾಧ್ಯಮದ ಮಕ್ಕಳು ಮೊದಲು ಕೇಳುವುದು, ಇಂಗ್ಲಿಷನ್ನು ಎಲ್ಲಿಂದ ಶುರು ಮಾಡಬೇಕು ಎಂದು. ಕಾಲಗಳ ಕೋಷ್ಟಕ, ಕ್ರಿಯಾಪದಗಳ ಮೂರು ರೂಪ ಎಂದು ಉರು ಹೊಡೆಯಲು ಕೂತವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಕೈಬಿಡುತ್ತಾರೆ. ಅದು ಅವರ ದಡ್ಡತನವಲ್ಲ. ಹೇಳಲು ವಿಷಯವಿಲ್ಲದೆ ಬರೀ ಭಾಷೆ ಕಲಿಯುವುದು ಯಾರಿಗಾದರೂ ಕಷ್ಟವೇ. ಆದ್ದರಿಂದ ನನ್ನ ಸಲಹೆ ಇಷ್ಟು: ಬೀದರಿನ ಹಳೆಯ ವಿದ್ಯಾಲಯವಾದ ಮಹಮೂದ್ ಗವಾನ್ ಮದರಸಾದ ಮುಂದೆ ಹೋಗಿ ನಿಂತು ಶುರು ಮಾಡಿ. ಅಲ್ಲಿ ಕೈ ತೋರಿಸಿ ಹೇಳಲು ನಿಮ್ಮ ಬಳಿ ವಿಷಯವಿದೆ. ದೂರದಿಂದ ಬಂದವರಿಗೆ ಅದು ಬೇಕಾಗಿದೆ.

ಬೀದರ್ ಸೀಮೆಯಲ್ಲಿ ಬೆಳೆದವರಿಗೆ ಹೊಸ ಭಾಷೆ ಎಂದರೆ ಹೆದರಿಕೆ ಇರಬೇಕಾಗಿಯೇ ಇಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ ಎಂಬ ಈ ಕಡೆಯ ಉರ್ದು, ಔರಾದ್, ಭಾಲ್ಕಿ ಕಡೆ ಹೋದರೆ ಮರಾಠಿ, ಗಡಿ ದಾಟಿ ಜಹೀರಾಬಾದಿಗೆ ಹೋದರೆ ತೆಲುಗು. ಇವುಗಳಲ್ಲಿ ಕನ್ನಡ ಬಿಟ್ಟು ಉಳಿದವನ್ನು ಯಾರೂ ಪುಸ್ತಕ ಹಿಡಿದು ಕಲಿತಿಲ್ಲ. ವ್ಯವಹಾರಕ್ಕೆ ಬೇಕಾಯಿತು, ಬಂತು. ಗುರುನಾನಕ್ ಝೀರಾ ಗುರುದ್ವಾರಕ್ಕೆ ಬರುವ ಪಂಜಾಬಿನ ಯಾತ್ರಿಕರೊಂದಿಗೆ ಹಿಂದಿಯಲ್ಲಿ, ಹೈದರಾಬಾದಿನ ಕುಟುಂಬದೊಂದಿಗೆ ದಖನಿಯಲ್ಲಿ ನೀವು ಆಗಲೇ ಸಲೀಸಾಗಿ ಮಾತನಾಡುತ್ತೀರಿ. ಇಂಗ್ಲಿಷ್ ಬೇಕಾಗುವುದು ಕೇರಳದವರು, ತಮಿಳುನಾಡಿನವರು, ಹೊರದೇಶದವರು ಬಂದಾಗ. ಹೋಟೆಲಿನ ಫೋನು, ಇಮೇಲ್ ಮತ್ತು ಬುಕಿಂಗ್ ತಾಣಗಳಲ್ಲಿ. ಅಷ್ಟರ ಮಟ್ಟಿಗಿನ ಇಂಗ್ಲಿಷ್ ಗುರಿಯಾಗಿರಲಿ.

ಮೊದಲ ಹೆಜ್ಜೆ: ನಿಮ್ಮ ಕೆಲಸ ಯಾವುದು ಎಂದು ತೀರ್ಮಾನಿಸಿ

ಗೈಡ್‌ಗೆ ಬೇಕಾದ ಇಂಗ್ಲಿಷ್ ಬೇರೆ, ಹೋಟೆಲಿನ ಸ್ವಾಗತ ಕೌಂಟರಿನದು ಬೇರೆ, ಟ್ಯಾಕ್ಸಿ ಚಾಲಕನದು ಬೇರೆ. ಗೈಡ್ ಆಗುವವರು ಹಿಂದೆ ನಡೆದದ್ದನ್ನು ಕಥೆಯಾಗಿ ಹೇಳಬೇಕು. ಕೌಂಟರಿನಲ್ಲಿ ಕೂರುವವರು ಕೇಳಬೇಕು, ವಿನಂತಿಸಬೇಕು, ದೂರಿಗೆ ಉತ್ತರ ಕೊಡಬೇಕು. ಚಾಲಕರಿಗೆ ಸಮಯ, ದೂರ, ದರ, ದಿಕ್ಕು ಸಾಕು, ಆದರೆ ತಡವರಿಸಬಾರದು. ಬೆಳ್ಳಿ ಕೂರಿಸಿದ ಕಪ್ಪು ಲೋಹದ ಕುಸುರಿಯಾದ ಬಿದ್ರಿಯ ಅಂಗಡಿಯಲ್ಲಿ ಕೂರುವವರಿಗೆ ವಸ್ತು ತಯಾರಾಗುವ ಬಗೆಯನ್ನು ವಿವರಿಸಲು ಬರಬೇಕು. ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಬೋರ್ಡು ಹಾಕಿಕೊಂಡ ತರಗತಿಗಳು ಎಲ್ಲರಿಗೂ ಒಂದೇ ಪಾಠ ಮಾಡುತ್ತವೆ. ಬ್ಯಾಂಕ್ ಪರೀಕ್ಷೆಗೆ ಓದುವವರ ಪಕ್ಕ ಕೂತು ಗೈಡ್ ಆಗಬೇಕಾದವರು ಪ್ರಬಂಧ ಬರೆಯುತ್ತಾ ಕಾಲ ಕಳೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಣ ಕಟ್ಟುವ ಮೊದಲು ಪಾಠದ ಪಟ್ಟಿ ಕೇಳಿ ನೋಡಿ.

ಎರಡನೆಯದು: ಒಂದೇ ಸ್ಮಾರಕ, ಕೆಲವೇ ವಾಕ್ಯ

ಮದರಸಾದ ಮುಂದೆ ನಿಂತಿದ್ದೀರಿ ಎಂದುಕೊಳ್ಳಿ. ಮೊದಲು ಕಣ್ಣಿಗೆ ಕಾಣುವುದನ್ನು ಹೇಳಿ, ಆಮೇಲೆ ಇಸವಿಗೆ ಹೋಗಿ. 'ಲುಕ್ ಅಟ್ ದ ಟೈಲ್ಸ್ ಆನ್ ದಿಸ್ ವಾಲ್.' ಬಂದವರ ಕಣ್ಣು ನೀಲಿ ಹೆಂಚುಗಳ ಮೇಲೆ ಹೋಯಿತು. ಈಗ ಮುಂದಿನದು: 'ದಿಸ್ ವಾಸ್ ಎ ಕಾಲೇಜ್. ಇಟ್ ವಾಸ್ ಬಿಲ್ಟ್ ಇನ್ ಫೋರ್ಟೀನ್ ಸೆವೆಂಟಿ ಟೂ.' 1472 ಎಂಬುದನ್ನು ಹೀಗೆ ಎರಡೆರಡು ಅಂಕಿಯಾಗಿ ಒಡೆದು ಹೇಳುವುದು ರೂಢಿ. ನಂತರ ವ್ಯಕ್ತಿ: 'ಮಹಮೂದ್ ಗವಾನ್ ಕೇಮ್ ಫ್ರಮ್ ಪರ್ಷಿಯಾ. ಹೀ ಬಿಕೇಮ್ ದ ಪ್ರೈಮ್ ಮಿನಿಸ್ಟರ್ ಆಫ್ ದ ಬಹಮನಿ ಕಿಂಗ್ಡಮ್.' ಕೊನೆಗೆ ಒಂದು ಮಿನಾರಿನ ಕಥೆ: ಎರಡಿದ್ದವು, 17ನೇ ಶತಮಾನದ ಕೊನೆಯಲ್ಲಿ ನಡೆದ ಸ್ಫೋಟದಲ್ಲಿ ಒಂದು ಹೋಯಿತು, ಒಂದು ಉಳಿದಿದೆ. 'ದೇರ್ ವರ್ ಟೂ ಮಿನರೆಟ್ಸ್. ಓನ್ಲಿ ಒನ್ ಈಸ್ ಲೆಫ್ಟ್.'

ಇಷ್ಟರಲ್ಲಿ ಎಷ್ಟು ವ್ಯಾಕರಣ ಬಂತು ನೋಡಿ. 'ವಾಸ್ ಬಿಲ್ಟ್' ಎಂಬ ಕರ್ಮಣಿ ಪ್ರಯೋಗ ಕನ್ನಡದ ಮಾತಿನಲ್ಲಿ ಅಪರೂಪ. ನಾವು "ಗವಾನ್ ಕಟ್ಟಿಸಿದ" ಎನ್ನುತ್ತೇವೆ. ಸ್ಮಾರಕಗಳ ಇಂಗ್ಲಿಷಿನಲ್ಲಾದರೋ ಹೆಜ್ಜೆ ಹೆಜ್ಜೆಗೂ ಅದು ಬೇಕು: 'ವಾಸ್ ಬಿಲ್ಟ್, ವಾಸ್ ಡಿಸ್ಟ್ರಾಯ್ಡ್, ವಾಸ್ ರಿಪೇರ್ಡ್, ಈಸ್ ಕವರ್ಡ್ ವಿತ್'. ಈ ನಾಲ್ಕನ್ನು ಮದರಸಾದ ಮೇಲೆ ಬಳಸಿ ನಾಲಿಗೆ ಪಳಗಿಸಿಕೊಂಡರೆ ಕೋಟೆಯೊಳಗಿನ ರಂಗೀನ್ ಮಹಲಿಗೂ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳಿಗೂ ಅವೇ ನಡೆಯುತ್ತವೆ. ಗವಾನನ ಅಂತ್ಯವನ್ನು ಹೇಳಲು ಹೊರಟರೆ ಭೂತಕಾಲ ತಾನಾಗಿಯೇ ಬರುತ್ತದೆ: ವಿರೋಧಿಗಳು ಅವನ ಹೆಸರಿನಲ್ಲಿ ಸುಳ್ಳು ಪತ್ರ ಸೃಷ್ಟಿಸಿದರು, ಸುಲ್ತಾನ ನಂಬಿದ, 1481ರಲ್ಲಿ ಮರಣದಂಡನೆಯಾಯಿತು. ಕೇಳುವವರು ಅಲ್ಲಿಯೇ ನಿಂತುಬಿಡುವ ಕಥೆ ಇದು. ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿ. ಉದ್ದ ವಾಕ್ಯದ ಮಧ್ಯದಲ್ಲಿ ಸಿಕ್ಕಿಕೊಂಡರೆ ಕಥೆಯೂ ಕೆಡುತ್ತದೆ.

ಸ್ಮಾರಕಗಳ ಮುಂದಿನ ಪುರಾತತ್ವ ಇಲಾಖೆಯ ಇಂಗ್ಲಿಷ್ ಫಲಕಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮನೆಯಲ್ಲಿ ಗಟ್ಟಿಯಾಗಿ ಓದಿ. ಆದರೆ ಬಾಯಿಪಾಠ ಮಾಡಬೇಡಿ. ಆ ಭಾಷೆ ಓದುವುದಕ್ಕೆ ಬರೆದದ್ದು, ಒಂದೇ ವಾಕ್ಯಕ್ಕೆ ಮೂರು ಇಸವಿ ತುರುಕಿರುತ್ತಾರೆ. ಒಂದು ಫಲಕವನ್ನು ಐದು ಸಣ್ಣ ವಾಕ್ಯಗಳಾಗಿ ಒಡೆದು ಬರೆಯುವುದು ಬಹಳ ಒಳ್ಳೆಯ ಅಭ್ಯಾಸ. ಕೋಟೆಗೆ ಬೇಕಾದ ಪದಗಳನ್ನೂ ಅಲ್ಲೇ ನಡೆದಾಡುತ್ತಾ ಕಲಿಯಿರಿ: ಕಂದಕಕ್ಕೆ ಮೋಟ್, ಬುರುಜಿಗೆ ಬಾಸ್ಚನ್, ಕಮಾನಿಗೆ ಆರ್ಚ್, ಗುಮ್ಮಟಕ್ಕೆ ಡೋಮ್, ಶಾಸನಕ್ಕೆ ಇನ್‌ಸ್ಕ್ರಿಪ್ಷನ್, ಜಂಬಿಟ್ಟಿಗೆ ಕಲ್ಲಿಗೆ ಲ್ಯಾಟರೈಟ್. ಬೀದರ್ ಕೋಟೆಯ ಮೂರು ಸುತ್ತಿನ ಕಂದಕವನ್ನು ಕಲ್ಲಿನಲ್ಲೇ ಕೊರೆದಿರುವುದರಿಂದ 'ಕಟ್ ಇನ್ಟು ದ ರಾಕ್' ಎಂಬ ಮಾತೂ ಕೈಯಲ್ಲಿರಲಿ.

ಕಲಬುರಗಿಯವರು ಇದನ್ನೇ ತಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಯಿಂದ ಮಾಡಬಹುದು. ತೆರೆದ ಅಂಗಳವಿಲ್ಲದೆ ಪೂರ್ತಿ ಛಾವಣಿ ಹೊದ್ದಿರುವುದು ಅದರ ವಿಶೇಷ, ಕಣ್ಣಿಗೆ ಕಾಣುವಂಥದ್ದು. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವಿದೆ. ಯಾದಗಿರಿ ಜಿಲ್ಲೆಯವರಿಗೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ, ಲೇಖಕ ಮೆಡೋಸ್ ಟೇಲರ್ ಬದುಕಿದ ಬಂಗಲೆಯಿದೆ.

ಬಿದ್ರಿಯಿಂದ ಪ್ರಕ್ರಿಯೆಯ ಭಾಷೆ

ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ಹಂತ ಹಂತವಾಗಿ ಹೇಳುವುದು ಪ್ರವಾಸೋದ್ಯಮದಲ್ಲಿ ದಿನವೂ ಬೇಕು. ಅದಕ್ಕೆ ಬಿದ್ರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕುಶಲಕರ್ಮಿಗಳ ಕಾರ್ಯಾಗಾರದಲ್ಲಿ ಅನುಮತಿ ಕೇಳಿ ಒಂದು ಮಧ್ಯಾಹ್ನ ಕೂತು ನೋಡಿ. ಸತು ಮತ್ತು ತಾಮ್ರವನ್ನು ಸುಮಾರು ಹದಿನಾರಕ್ಕೆ ಒಂದರ ಪ್ರಮಾಣದಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಹಚ್ಚಿದಾಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚೂಪು ಮೊನೆಯಿಂದ ಬಳ್ಳಿ, ಹೂವು ಬರೆಯುತ್ತಾರೆ. ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನು ಆ ಗೆರೆಯಲ್ಲಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲವೂ ಒಂದೇ ಬಿಳುಪಾಗಿ ಕಾಣುತ್ತದೆ, ಬೆಳ್ಳಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಭಾಗದ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ.

ಈಗ ಇದನ್ನು ಇಂಗ್ಲಿಷಿಗೆ ತನ್ನಿ. 'ಫಸ್ಟ್', 'ದೆನ್', 'ಆಫ್ಟರ್ ದಟ್', 'ಫೈನಲಿ' ಎಂಬ ನಾಲ್ಕು ಮೊಳೆಗಳಿಗೆ ಇಡೀ ಕಥೆಯನ್ನು ನೇತುಹಾಕಬಹುದು. ಕ್ರಿಯಾಪದಗಳು: ಮೆಲ್ಟ್, ಪೋರ್, ಫೈಲ್, ಡ್ರಾ, ಎನ್‌ಗ್ರೇವ್, ಹ್ಯಾಮರ್, ಪಾಲಿಶ್, ಹೀಟ್. ಮೊದಲು ಕುಶಲಕರ್ಮಿಯ ಕೈ ನೋಡುತ್ತಾ ಈಗ ನಡೆಯುತ್ತಿರುವಂತೆ ಹೇಳಿ: 'ನೌ ಹೀ ಈಸ್ ಹ್ಯಾಮರಿಂಗ್ ದ ಸಿಲ್ವರ್ ವೈರ್.' ಮನೆಗೆ ಬಂದು ಸಾಮಾನ್ಯ ಪದ್ಧತಿಯಾಗಿ ಹೇಳಿ: 'ದ ಸಿಲ್ವರ್ ವೈರ್ ಈಸ್ ಹ್ಯಾಮರ್ಡ್ ಇನ್ಟು ದ ಗ್ರೂವ್.' ಒಂದೇ ಸಂಗತಿ, ಎರಡು ರೂಪ, ಎರಡೂ ಕೆಲಸಕ್ಕೆ ಬರುವಂಥವು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು ಎನ್ನುವುದನ್ನೂ ಸೇರಿಸಿ. ಬೆಲೆ ಯಾಕೆ ಹೆಚ್ಚು ಎಂದು ಕೇಳುವವರಿಗೆ ಈ ವಿವರಗಳೇ ಉತ್ತರ.

ಉಚ್ಚಾರಣೆ: ಎಲ್ಲವನ್ನೂ ತಿದ್ದಲು ಹೋಗಬೇಡಿ

ಇಂಗ್ಲೆಂಡಿನವರಂತೆ ಮಾತನಾಡಬೇಕಾಗಿಲ್ಲ, ಹಾಗೆ ನಟಿಸಿದರೆ ಚೆನ್ನಾಗಿಯೂ ಕಾಣುವುದಿಲ್ಲ. ಅರ್ಥ ಕೆಡಿಸುವ ತಪ್ಪುಗಳನ್ನು ಮಾತ್ರ ತಿದ್ದಿಕೊಳ್ಳಿ. ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ: ದಖನಿ ಕೇಳಿ ಬೆಳೆದ ಕಿವಿಗೆ 'ಜಮೀನ್', 'ಫೌಜ್' ಪದಗಳ ಮೊದಲಿಗೆ ಬರುವ ಧ್ವನಿಗಳು (z, f) ಪರಿಚಿತ. 'ಜಿಂಕ್', 'ಫೋರ್ಟ್' ಎನ್ನುವಾಗ ಅವನ್ನೇ ಬಳಸಿ.

ಬರೆದಂತೆ ಓದಿ ಎಡವುವ ಪದಗಳು ಕೆಲವಿವೆ. ಗೋರಿಗೆ ಹೇಳುವುದು 'ಟೂಮ್', ಕೊನೆಯ ಬಿ ಉಚ್ಚಾರಣೆಯಲ್ಲಿಲ್ಲ. ಅಷ್ಟೂರಿಗೆ ಕರೆದೊಯ್ಯುವವರು ದಿನಕ್ಕೆ ಹತ್ತು ಸಲ ಹೇಳುವ ಪದ ಇದು. ರಸೀದಿ 'ರಿಸೀಟ್'. ಹೋಟೆಲಿನ ದೊಡ್ಡ ಕೋಣೆ 'ಸ್ವೀಟ್', ಸೂಟ್ ಅಲ್ಲ. ಪುರಾತತ್ವ 'ಆರ್ಕಿಯಾಲಜಿ', ಆದರೆ ಕಮಾನು 'ಆರ್ಚ್'. 'ಪ್ಯಾಲೆಸ್' ಮತ್ತು 'ಪ್ಲೇಸ್' ಬೇರೆ ಬೇರೆಯಾಗಿ ಕೇಳಿಸಲಿ. 'ಇಸ್ಕೂಲ್', 'ಇಸ್ಟೇಷನ್' ಎಂದು ಮುಂದೆ ಇಕಾರ ಸೇರಿಸುವ ರೂಢಿಯಿದ್ದರೆ, 'ಸ್ಸ್' ಎಂದು ಎಳೆದು ಶುರು ಮಾಡುವ ಅಭ್ಯಾಸದಿಂದ ಹೋಗುತ್ತದೆ. ನಿಮ್ಮ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮರುದಿನ ಕೇಳಿ. ಆ ಹೊತ್ತಿಗಿಂತ ಮರುದಿನ ತಪ್ಪು ಸ್ಪಷ್ಟವಾಗಿ ಕೇಳಿಸುತ್ತದೆ.

ಅಂಕಿಗಳಿಗೆ ಒಂದು ವಾರ ಪೂರ್ತಿ ಕೊಡಿ

ಜಗಳ ಹುಟ್ಟುವುದು ಅಂಕಿಗಳಲ್ಲಿ. 'ಫಿಫ್ಟೀನ್' ಮತ್ತು 'ಫಿಫ್ಟಿ' ಫೋನಿನಲ್ಲಿ ಒಂದೇ ಆಗಿ ಕೇಳಿಸುತ್ತವೆ. ಮೊದಲನೆಯದರಲ್ಲಿ ಕೊನೆಯ ಭಾಗವನ್ನು ಒತ್ತಿ ಎಳೆಯಿರಿ, ಎರಡನೆಯದರಲ್ಲಿ ಮೊದಲ ಭಾಗವನ್ನು ಒತ್ತಿ. ಅನುಮಾನವಿದ್ದರೆ ಬಿಡಿಸಿ ಹೇಳಿ: 'ಫಿಫ್ಟೀನ್, ಒನ್ ಫೈವ್.' ಹೊರದೇಶದವರಿಗೆ ಲಕ್ಷ, ಕೋಟಿ ಅರ್ಥವಾಗುವುದಿಲ್ಲ. ಹತ್ತು ಲಕ್ಷವೆಂದರೆ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್. ದಿನಾಂಕವನ್ನು 3/12 ಎಂದು ಬರೆದರೆ ನಮಗೆ ಡಿಸೆಂಬರ್ 3, ಅಮೆರಿಕದವರಿಗೆ ಮಾರ್ಚ್ 12. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ, ಒಂದು ಕೋಣೆಯ ಬುಕಿಂಗ್ ಉಳಿಯುತ್ತದೆ.

ಶತಮಾನದ ಲೆಕ್ಕವೂ ಹಲವರನ್ನು ತಡವರಿಸುವಂತೆ ಮಾಡುತ್ತದೆ. 1472 ಎಂದರೆ 'ಫಿಫ್ಟೀನ್ತ್ ಸೆಂಚುರಿ'. ಬಸವಣ್ಣನವರ ಕಾಲ 'ಟ್ವೆಲ್ಫ್ತ್ ಸೆಂಚುರಿ'. ಬಸವಕಲ್ಯಾಣಕ್ಕೆ ಕರೆದೊಯ್ಯುವವರು ಈ ಒಂದು ಪದವನ್ನು ಚೆನ್ನಾಗಿ ಹೇಳಲು ಕಲಿಯಲೇಬೇಕು.

ಮರ್ಯಾದೆ ಮತ್ತು 'ಯೆಸ್–ನೋ'

ಕನ್ನಡದಲ್ಲಿ "ಪಾಸ್‌ಪೋರ್ಟ್ ಕೊಡಿ" ಎಂದರೆ ಸಾಕು, ಗೌರವ ಆ 'ಇ'ಕಾರದಲ್ಲೇ ಇದೆ. ಅದನ್ನೇ 'ಗಿವ್ ಯುವರ್ ಪಾಸ್‌ಪೋರ್ಟ್' ಎಂದು ಹೇಳಿದರೆ ಗದರಿಸಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಗೌರವ ವಾಕ್ಯದ ಮುಂದೆ ಬರಬೇಕು: 'ಮೇ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?' 'ಕುಡ್ ಯು ಪ್ಲೀಸ್ ಸೈನ್ ಹಿಯರ್?' ಹೀಗೆ 'ಮೇ ಐ', 'ಕುಡ್ ಯು', 'ವುಡ್ ಯು ಲೈಕ್' ಎಂಬ ಮೂರು ಆರಂಭಗಳನ್ನು ನಾಲಿಗೆಗೆ ಹತ್ತಿಸಿಕೊಂಡರೆ ಕೌಂಟರಿನ ಅರ್ಧ ಕೆಲಸ ಆಯಿತು. ಕನ್ನಡದಲ್ಲಿ ಮೆತ್ತಗೆ ಮಾತನಾಡುವ ಎಷ್ಟೋ ಒಳ್ಳೆಯ ಮಕ್ಕಳು ಇಂಗ್ಲಿಷಿನಲ್ಲಿ ಒರಟರಂತೆ ಕೇಳಿಸುವುದು ಇದೊಂದೇ ಕಾರಣಕ್ಕೆ.

ಇನ್ನೂ ಹೆಚ್ಚು ಗೊಂದಲ ಮಾಡುವುದು ನಿಷೇಧದ ಪ್ರಶ್ನೆ. ಅತಿಥಿ ಕೇಳುತ್ತಾರೆ: 'ಡೋಂಟ್ ಯು ಹ್ಯಾವ್ ಹಾಟ್ ವಾಟರ್?' ಬಿಸಿನೀರು ಇಲ್ಲ. ನಾವು "ಹೌದು, ಇಲ್ಲ" ಎಂದು ಯೋಚಿಸಿ 'ಯೆಸ್' ಎನ್ನುತ್ತೇವೆ. ಅವರು ಇದೆ ಎಂದು ತಿಳಿದು ಸ್ನಾನಕ್ಕೆ ಹೋಗುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗಿದ್ದರೂ ಇಲ್ಲದಿದ್ದರೆ 'ನೋ', ಇದ್ದರೆ 'ಯೆಸ್'. ಬರೀ ಒಂದು ಪದದಲ್ಲಿ ನಿಲ್ಲಿಸದೆ ಪೂರ್ತಿ ಹೇಳಿ: 'ನೋ, ಸಾರಿ. ಹಾಟ್ ವಾಟರ್ ಈಸ್ ಫ್ರಮ್ ಸಿಕ್ಸ್ ಟು ನೈನ್.' 'ಡು ಯು ಮೈಂಡ್ ಇಫ್ ಐ ಟೇಕ್ ಎ ಫೋಟೋ?' ಎಂಬುದಕ್ಕೂ ಹೀಗೆಯೇ ಎಚ್ಚರ ಬೇಕು. ತೆಗೆಯಬಹುದು ಎನ್ನಲು 'ನಾಟ್ ಅಟ್ ಆಲ್, ಪ್ಲೀಸ್ ಗೋ ಅಹೆಡ್'. ಗೆಳೆಯರಿಬ್ಬರು ಎದುರುಬದುರು ಕೂತು ಇಂಥ ಪ್ರಶ್ನೆಗಳನ್ನು ಹತ್ತು ನಿಮಿಷ ಎಸೆದಾಡಿ ನೋಡಿ.

ಹೋಟೆಲ್ ಮತ್ತು ಫೋನು

ಹೋಟೆಲ್ ಕೆಲಸಕ್ಕೆ ಹೋಗುವವರು ನಾಲ್ಕು ಸಂಕ್ಷೇಪಗಳನ್ನು ಮೊದಲ ದಿನವೇ ತಿಳಿದಿರಬೇಕು. ಇಪಿ ಎಂದರೆ ಕೋಣೆ ಮಾತ್ರ, ಸಿಪಿ ಎಂದರೆ ಬೆಳಗಿನ ಉಪಾಹಾರ ಸೇರಿ, ಎಂಎಪಿ ಎಂದರೆ ಉಪಾಹಾರದ ಜೊತೆ ಒಂದು ಊಟ, ಎಪಿ ಎಂದರೆ ಎಲ್ಲ ಊಟವೂ. ಟ್ರಾವೆಲ್ಸ್ ಕಚೇರಿಗೆ ಹೋಗುವವರಿಗೆ ವಿಮಾನ ನಿಲ್ದಾಣಗಳ ಮೂರಕ್ಷರದ ಸಂಕೇತ ಬೇಕು: ಕಲಬುರಗಿ ಜಿಬಿಐ, ಬೀದರ್ ಐಎಕ್ಸ್‌ಎಕ್ಸ್, ಹೈದರಾಬಾದ್ ಎಚ್‌ವೈಡಿ.

ಫೋನಿನಲ್ಲಿ ಕೈಸನ್ನೆ ನಡೆಯುವುದಿಲ್ಲವಾದ್ದರಿಂದ ಅದೇ ಎಲ್ಲಕ್ಕಿಂತ ಕಷ್ಟ. ಹೆಸರಿನ ಅಕ್ಷರ ಹೇಳಲು ವಿಮಾನಯಾನದವರು ಬಳಸುವ ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಪಟ್ಟಿಯನ್ನು ಕಲಿಯಿರಿ. ಬಿ, ಡಿ, ಪಿ, ಟಿ ಗೊಂದಲ ತಪ್ಪುತ್ತದೆ. ಕೇಳಿಸಲಿಲ್ಲವೆಂದರೆ ಸುಮ್ಮನೆ 'ಓಕೆ, ಓಕೆ' ಎನ್ನಬೇಡಿ. 'ಸಾರಿ, ಕುಡ್ ಯು ಸೇ ದಟ್ ಅಗೇನ್?' ಎಂದು ಕೇಳಿ, ಕೊನೆಯಲ್ಲಿ ಎಲ್ಲವನ್ನೂ ತಿರುಗಿ ಓದಿ ಹೇಳಿ: ಹೆಸರು, ದಿನಾಂಕ, ಜನ, ಕೋಣೆ, ಮೊತ್ತ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿ.

ನಮ್ಮ ಪದಗಳು, ಗೊತ್ತಿಲ್ಲದ ಉತ್ತರಗಳು

ಉರುಸ್, ಜಾತ್ರೆ, ಜಂಗಮ, ವಚನ, ಕಾರೇಜ್ ಇವಕ್ಕೆ ಒಂದೊಂದು ಇಂಗ್ಲಿಷ್ ಪದ ಹುಡುಕುತ್ತಾ ನಿಲ್ಲಬೇಡಿ. ನಮ್ಮ ಪದವನ್ನೇ ಹೇಳಿ, ಹಿಂದೆಯೇ ಒಂದು ಸಣ್ಣ ವಿವರಣೆ ಕೊಡಿ. ನೌಬಾದಿನ ಕಾರೇಜಿಗೆ: 'ಎ ಕಾರೇಜ್ ಈಸ್ ಎ ಟನಲ್ ದಟ್ ಬ್ರಿಂಗ್ಸ್ ಗ್ರೌಂಡ್‌ವಾಟರ್ ಟು ದ ಟೌನ್.' ಅಷ್ಟೂರಿನಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಅಲ್ಲಿ ಗೋರಿಯಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದು ನಡೆದುಕೊಳ್ಳುತ್ತಾರೆ, ಜಾತ್ರೆಯಲ್ಲಿ ಇಬ್ಬರೂ ಸೇರುತ್ತಾರೆ. ಇದನ್ನು ಯಾರ ಪರವೂ ವಾದಿಸದೆ, 'ಮುಸ್ಲಿಮ್ಸ್ ಕಾಲ್ ಹಿಮ್…, ಲಿಂಗಾಯತ್ಸ್ ಬಿಲೀವ್…' ಎಂದು ನಂಬಿದವರ ಹೆಸರು ಹಿಡಿದೇ ಹೇಳಿ. ಬೀದರ್ ಬಗ್ಗೆ ಇಂಗ್ಲಿಷಿನಲ್ಲಿ ಹೇಳಬಹುದಾದ ಅತ್ಯಂತ ಚೆಂದದ ಸಂಗತಿಗಳಲ್ಲಿ ಇದೂ ಒಂದು. ಅವಸರದಲ್ಲಿ ಮುಗಿಸಬೇಡಿ.

ಗೊತ್ತಿಲ್ಲದ್ದನ್ನು ಕೇಳಿದಾಗ ಸುರಂಗ, ನಿಧಿ, ರಾಣಿಯ ಶಾಪ ಎಂದು ಕಥೆ ಕಟ್ಟುವ ಚಟ ಬೇಡ. 'ಐ ಆ್ಯಮ್ ನಾಟ್ ಶೂರ್, ಲೆಟ್ ಮಿ ಫೈಂಡ್ ಔಟ್' ಎಂಬ ವಾಕ್ಯವನ್ನು ಸಂಕೋಚವಿಲ್ಲದೆ ಬಳಸಿ, ಸಂಜೆಯೊಳಗೆ ಹುಡುಕಿ ಸಂದೇಶ ಕಳುಹಿಸಿ.

ಕಿವಿಗೆ ಅಭ್ಯಾಸ, ಕೈಗೆ ಪ್ರಮಾಣಪತ್ರ

ಬಿಬಿಸಿ ಮತ್ತು ಬ್ರಿಟಿಷ್ ಕೌನ್ಸಿಲ್ ನಡೆಸುವ ಇಂಗ್ಲಿಷ್ ಕಲಿಕೆಯ ತಾಣಗಳಲ್ಲಿ ಸಣ್ಣ ಸಣ್ಣ ಧ್ವನಿ ಪಾಠಗಳು ಉಚಿತವಾಗಿ ಸಿಗುತ್ತವೆ. ಒಂದೇ ತುಣುಕನ್ನು ಮೊದಲು ಬರಹ ನೋಡದೆ, ಆಮೇಲೆ ಬರಹ ನೋಡುತ್ತಾ ಕೇಳಿ. ದಿನಕ್ಕೊಂದು ಹೊಸ ತುಣುಕಿಗಿಂತ ಇದು ಹೆಚ್ಚು ಕಲಿಸುತ್ತದೆ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಯ ಉಚ್ಚಾರಣೆ ನಮಗೆ ಅನುಸರಿಸಲು ಸುಲಭ.

ಪ್ರವಾಸೋದ್ಯಮದ ಕೋರ್ಸುಗಳು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ದೂರಶಿಕ್ಷಣವಾಗಿ ಇವೆ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ 'ಸ್ವಯಂ' ತಾಣದಲ್ಲಿಯೂ ಸಿಗುತ್ತವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಆನ್‌ಲೈನ್‌ನಲ್ಲಿ 'ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್' ಪ್ರಮಾಣಪತ್ರ ಕೊಡುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಗೈಡ್ ಆಗಿ ದುಡಿಯಲು ಬೇಕಾದ ಪರವಾನಗಿ, ಗುರುತಿನ ಚೀಟಿಯ ನಿಯಮಗಳನ್ನು ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಮೊದಲ ಅತಿಥಿಗಳು

ಮೊದಮೊದಲು ದುಡ್ಡು ಕೇಳದೆ, ಭಾನುವಾರ ಕೋಟೆಗೆ ಬರುವ ಪರಿಚಯಸ್ಥರ ಸ್ನೇಹಿತರಿಗೆ, ಕಾಲೇಜಿನ ಹೊರರಾಜ್ಯದ ವಿದ್ಯಾರ್ಥಿಗಳಿಗೆ ತೋರಿಸಿ. ಕೊನೆಯಲ್ಲಿ ಎರಡೇ ಪ್ರಶ್ನೆ ಕೇಳಿ: ಯಾವುದು ಅರ್ಥವಾಗಲಿಲ್ಲ, ಎಲ್ಲಿ ಬೇಸರವಾಯಿತು? ಅವರ ಉತ್ತರವನ್ನು ಅಂದೇ ಬರೆದಿಟ್ಟುಕೊಂಡು ಆ ಜಾಗದ ವಾಕ್ಯಗಳನ್ನು ತಿದ್ದಿ.

ಶುಲ್ಕ ತೆಗೆದುಕೊಳ್ಳುವ ಹಂತಕ್ಕೆ ಬಂದಾಗ ಸಂಕೋಚದಿಂದ "ನಿಮಗೆ ತಿಳಿದಷ್ಟು ಕೊಡಿ" ಎನ್ನಬೇಡಿ. ಇಂಗ್ಲಿಷಿನಲ್ಲಿ ಆ ಮಾತು ಅತಿಥಿಯನ್ನು ಪೇಚಿಗೆ ಸಿಲುಕಿಸುತ್ತದೆ, ನಿಮ್ಮ ದುಡಿಮೆಗೂ ಬೆಲೆ ಸಿಗುವುದಿಲ್ಲ. ಹೊರಡುವ ಮೊದಲೇ ಎಷ್ಟು ಹೊತ್ತು, ಯಾವ ಯಾವ ಜಾಗ, ಎಷ್ಟು ರೂಪಾಯಿ, ಅದರಲ್ಲಿ ಏನು ಸೇರಿಲ್ಲ ಎಂದು ಹೇಳಿ: 'ಇಟ್ ಟೇಕ್ಸ್ ಥ್ರೀ ಅವರ್ಸ್. ವಿ ವಿಲ್ ಸೀ ದ ಫೋರ್ಟ್, ದ ಮದ್ರಸಾ ಆ್ಯಂಡ್ ಅಷ್ಟೂರ್. ಮೈ ಫೀ ಡಸ್ ನಾಟ್ ಇನ್‌ಕ್ಲೂಡ್ ಟಿಕೆಟ್ಸ್ ಆ್ಯಂಡ್ ಆಟೋ.' ಮೊತ್ತವನ್ನು ಅಂಕಿ ಬಿಡಿಸಿ ಹೇಳಿ, ಅವರು ಒಪ್ಪಿದ ಮೇಲೆ ಅದನ್ನೇ ಸಂದೇಶವಾಗಿ ಕಳುಹಿಸಿ ನಡೆಯಲು ಶುರು ಮಾಡಿ.